ಮಾವ ಮತ್ತು ಕಬ್ಬಿಣದ ಕಳ್ಳ

ನಮ್ಮ ಸೋದರಮಾವನ ಅನುಮಾನಕ್ಕೆ ಭಾನುವಾರವೂ ರಜೆ ಇರಲಿಲ್ಲ! ಆಟೋ ಮೀಟರನ್ನು ನಂಬುತ್ತಿರಲಿಲ್ಲ. ಬಿಡಿ, ಅದನ್ನು ಯಾರು ನಂಬುತ್ತಾರೆ? ಆದರೆ ತಮ್ಮ ಕೈಯಾರೆ ಹಾಕಿದ ಬೀಗವನ್ನೂ? ಗಾಂಧಿ ಬಜಾರಿನವರೆಗೆ ಹೋದವರು ವಾಪಸ್ಸು ಬಂದು ಅದನ್ನು ಮತ್ತೊಮ್ಮೆ ಜಗ್ಗುತ್ತಿದ್ದರು.

ಅವರು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಮೇಷ್ಟ್ರು. ಕಣ್ಣಿಗೆ ಕಾಣದ್ದರ ಮೇಲೆ ಅನುಮಾನಪಡಲು ಸಂಬಳ ಬೇರೆ!

ತೊಂಬತ್ತರ ದಶಕದಲ್ಲೊಮ್ಮೆ ಅತ್ತೆಗೆ ಟೈಫಾಯ್ಡ್ ಆಯಿತು. ಮಾತ್ರೆ ಶುರುವಾಗಿ ಜ್ವರ ಇಳಿದಾಗ ಮಾವ ಥರ್ಮಾಮೀಟರನ್ನೇ ಅನುಮಾನಿಸಿ ಪಕ್ಕದ ಮನೆಯದನ್ನು ತಂದರು. ಅದೂ ಅಷ್ಟೇ ತೋರಿಸಿತು. "ಎರಡೂ ಒಂದೇ ಅಂಗಡೀದು!" ಅಂದರು.

"ಜ್ವರ ಹೋಯ್ತಲ್ರೀ," ಅತ್ತೆ ಗೊಣಗಿದರು.

"ಹೋಗಿಲ್ಲ ಕಣೇ, ಅಡಗಿ ಕೂತಿದೆ! ಸೋಂಕು ಬಂದ್ರೆ ನಮ್ಮ ಮೈ ಕಬ್ಬಿಣಾನ ಬಚ್ಚಿಡುತ್ತೆ, ಆ ಕಳ್ಳ ಬ್ಯಾಕ್ಟೀರಿಯಾಗೆ ಸಿಗ್ದೇ ಇರ್ಲಿ ಅಂತ. ಅವನು ಮೊದ್ಲೇ ಕದ್ದು ಪ್ರೋಟೀನಿನ ಪುಟ್ಟ ಡಬ್ಬೀಲಿ ತುಂಬ್ಸಿಟ್ಟಿರ್ತಾನೆ. ಉಪವಾಸ ಕೆಡವಿದ್ರೆ ಅದ್ರಿಂದ ಚೂರು ಚೂರೇ ತೆಗೀತಾನೆ. ನಮ್ಮ ಬಿಳಿ ರಕ್ತಕಣ ಅವನ ಮೇಲೆ ವಿಷ ಎರಚುತ್ತೆ ಅಂತಿಟ್ಕೋ. ಕಬ್ಬಿಣ ಅವನ ಹೊಟ್ಟೇಲಿ ಡಬ್ಬಿಯಿಂದ ಹೊರಗೆ ಬಿದ್ದಿದ್ರೆ ಆ ವಿಷ ಇನ್ನೂ ಜೋರಾಗಿ ಅವನನ್ನ ಸುಡೋದು. ಡಬ್ಬೀಲಿ ಭದ್ರವಾಗಿದೆಯಲ್ಲ, ಬಚಾವ್!"

"ನಿಮಗೆ ಮನೇಲಿ ಒಂದು ಹಿಡಿ ಬೇಳೆ ಎಲ್ಲಿದೆ ಅಂತ ಗೊತ್ತಿಲ್ಲ. ಅವನೇ ವಾಸಿ, ಸಂಸಾರಸ್ಥ!" ಅಂದರು ಅತ್ತೆ.

ನೋಡಲು ಬಂದವರ ಗತಿ ಕೇಳಬೇಡಿ. ಚಾಮರಾಜಪೇಟೆಯ ದೊಡ್ಡಮ್ಮನನ್ನು ಬಾಗಿಲಲ್ಲೇ ತಡೆದು ಚೀಲ ಬಿಚ್ಚಿಸಿದರು.

"ಸುಸ್ತಿಗೆ ಅಂತ ಕಬ್ಬಿಣದ ಟಾನಿಕ್ ತಂದಿದೀನಪ್ಪಾ."

"ಯಾರ ಸುಸ್ತಿಗೆ? ಇವಳದಕ್ಕಾ, ಆ ಕಳ್ಳನದಕ್ಕಾ? ಜ್ವರ ಪೂರ್ತಿ ಬಿಡೋವರ್ಗೂ ಈ ಬಾಟ್ಲಿ ಒಳಗೆ ಬರಕೂಡದು!"

ದೊಡ್ಡಮ್ಮ ಕಾಫಿಯನ್ನೂ ಕುಡಿಯದೆ ಬಾಟಲಿ ಸಮೇತ ಬಸ್ಸು ಹತ್ತಿದರು.

ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆ ವಾರ ಕಳೆಯುವುದರೊಳಗೆ ಜ್ವರ ಮರಳಿತು, ಈ ಸಲ ಮೈ ಸುಡುವಷ್ಟು. ಅತ್ತೆಗೆ ಮಾತೂ ತೊದಲತೊಡಗಿ, ನರ್ಸಿಂಗ್ ಹೋಮಿಗೆ ಸೇರಿಸಬೇಕಾಯಿತು. ತಾವು ಹೇಳಿದ್ದೇ ಸರಿಯಾಯಿತೆಂದು ಮಾವ ಒಂದು ಮಾತೂ ಆಡಲಿಲ್ಲ. ಹೊರಗಿನ ಬೆಂಚಿನ ಮೇಲೆ ಮುದುಡಿ ಕೂತಿದ್ದರು. ಡಾಕ್ಟರು ಬಂದು ಧೈರ್ಯ ಹೇಳಿ ಹೋದರು. ಮಾವ ಅವರನ್ನು ನಂಬಲಿಲ್ಲ, ಮುಖದಲ್ಲೇ ಗೊತ್ತಾಯಿತು.

ಆಮೇಲೆ ನನ್ನ ಕಡೆ ತಿರುಗಿದರು. ನಾನೋ, ಬಿ.ಕಾಂ. ಓದುತ್ತಿದ್ದ ಹುಡುಗಿ, ಬ್ಯಾಕ್ಟೀರಿಯಾಕ್ಕೂ ಜಿರಳೆಗೂ ವ್ಯತ್ಯಾಸ ಗೊತ್ತಿಲ್ಲದವಳು.

"ನೀನ್ ಹೇಳೇ. ಇವಳು ಹುಷಾರಾಗ್ತಾಳೆ ಅಲ್ವಾ?"

"ಆಗ್ತಾರೆ ಮಾವ."

ಅತ್ತೆ ನಿಜವಾಗಿಯೂ ಹುಷಾರಾಗಿ ಮನೆಗೆ ಬಂದರು, ಅದು ಆಮೇಲಿನ ಮಾತು. ಆ ಗಳಿಗೆಯಲ್ಲಿ ನನಗೇನು ಗೊತ್ತಿತ್ತು? ಭಯದಿಂದ ಬಾಯಿಗೆ ಬಂದದ್ದನ್ನು ಹೇಳಿದ್ದೆ. "ನಿನಗೆ ಹೇಗೆ ಗೊತ್ತು?" ಎಂಬ ಪ್ರಶ್ನೆಗೆ ಕಾದೆ. ಮಾವ ಕೇಳಲಿಲ್ಲ.

"ಹಾಗಾದ್ರೆ ಸರಿ," ಅಂದರು. ನನ್ನ ಕೈ ಹಿಡಿದುಕೊಂಡು ಚಿಕ್ಕ ಮಕ್ಕಳ ಹಾಗೆ ಅತ್ತುಬಿಟ್ಟರು.