ಗಾಳಿಯ ಕರೆಂಟಿನ ಪೆಟ್ಟಿಗೆಗಳು

ಮಣಿಪಾಲದ ಪ್ರಯೋಗಾಲಯದಲ್ಲಿ ಚೆಂದವಾಗಿ ನಡೆಯುವ ನನ್ನ ಪೆಟ್ಟಿಗೆಗಳು ಹೊರಗೆ ಕಾಲಿಟ್ಟಾಗಲೆಲ್ಲ ನನ್ನ ಮಾನ ಕಳೆಯುತ್ತವೆ. ಗಾಳಿಯಲ್ಲಿರುವ ರೇಡಿಯೋ ಅಲೆಗಳಿಂದ ಚೂರುಪಾರು ಕರೆಂಟು ಹೆಕ್ಕಿಕೊಂಡು, ಒಬ್ಬರ ಸಂದೇಶವನ್ನು ಇನ್ನೊಬ್ಬರಿಗೆ ದಾಟಿಸುವುದು ಅವುಗಳ ಕೆಲಸ. ಹೊರಗೆ ಒಮ್ಮೆಯಾದರೂ ಕೆಲಸ ಮಾಡಿದ್ದನ್ನು ಕಂಡರೆ ಮಾತ್ರ ಪ್ರಬಂಧಕ್ಕೆ ಸಹಿ ಎಂದು ನನ್ನ ಪಿಎಚ್‌ಡಿ ಗೈಡ್ ಹೇಳಿಬಿಟ್ಟರು. ಅಲ್ಲಿಂದ ನನ್ನ ಗ್ರಹಚಾರ ಶುರು.

೧. ಕಾಪುವಿನ ಹಂಡೆ

ಮೊಬೈಲ್ ಟವರಿನ ಹತ್ತಿರವೇ ಮನೆಯಿರುವ ಪರಿಚಯದ ಅಕ್ಕನ ತಾರಸಿಯಲ್ಲಿ ಪೆಟ್ಟಿಗೆ ಇಟ್ಟೆ. ಮರುದಿನ ಗೈಡರನ್ನು ಕರೆದುಕೊಂಡು ಹತ್ತಿದರೆ ಅದರ ಮೇಲೆ ತಾಮ್ರದ ಹಂಡೆ ಕವುಚಿತ್ತು. ತಾಮ್ರ ದಾಟಿ ಅಲೆ ಒಳಗೆ ಹೋಗುವುದುಂಟೇ? ಪೆಟ್ಟಿಗೆ ಉಪವಾಸ ಬಿದ್ದಿತ್ತು.

"ಅಕ್ಕ, ಇದೆಂತ ಮಾಡಿದ್ದು?"

"ಟವರಿನ ರೇಡಿಯೇಶನ್ ತುಂಬಾ ಕೆಟ್ಟದ್ದಂತೆ ಮಾರಾಯ. ಪಾಪ, ನಿನ್ನ ಪೆಟ್ಟಿಗೆಗೆ ಎಂತ ಆಗುವುದು ಬೇಡ ಅಂತ ಮುಚ್ಚಿದೆ."

೨. ಕಾರ್ಕಳದ ಧನ್ಯವಾದ

ಸಂದೇಶ ಕಳಿಸಲು ಪೆಟ್ಟಿಗೆಗೆ ಸ್ವಂತ ತರಂಗವಿಲ್ಲ. ಇನ್ನೊಬ್ಬರದ್ದನ್ನು ಅವರು ಸುಮ್ಮನಿದ್ದಾಗ ಬಳಸಬೇಕು. ಕಾರ್ಕಳದ ಒಂದು ಸಭಾಭವನದವರು ಕಾರ್ಡ್‌ಲೆಸ್ ಮೈಕಿನ ತರಂಗ ಹಂಚಿಕೊಳ್ಳಲು ಒಪ್ಪಿದರು. ಮೈಕ್ ಆಫ್ ಆದ ಕೂಡಲೇ ನಮ್ಮ ಸರದಿ. ಆದರೆ ಧನ್ಯವಾದ ಹೇಳಲು ನಿಂತವರು ಶಾಮಿಯಾನದವರ ಅಜ್ಜನ ತನಕ ಒಬ್ಬರನ್ನೂ ಬಿಡಲಿಲ್ಲ. ಗೈಡ್ ಊಟಕ್ಕೂ ನಿಲ್ಲದೆ ಹೊರಟೇ ಹೋದರು.

"ಇವರು ಮೈಕ್ ಬಿಟ್ಟರೆ ನನ್ನ ಪೆಟ್ಟಿಗೆ ಶುರುವಾಗ್ತದೆ" ಎಂದು ಅಡುಗೆ ಭಟ್ಟರ ಹತ್ತಿರ ಗೊಣಗಿದೆ.

"ಸರತಿಯಲ್ಲಿ ನಿಲ್ಲಿ," ಎಂದರು ಭಟ್ಟರು. "ನನ್ನ ಸಾರು ನಿಮಗಿಂತ ಮೊದಲು ಬಂದದ್ದು."

೩. ಮಲ್ಪೆಯ ಗುಟ್ಟು

ಇದು ನನ್ನ ಕೊನೆಯ ಅವಕಾಶ. ಒಂದು ಬೋಟು ದೂರದ ಕಡಲಲ್ಲಿ, ಇನ್ನೊಂದು ನಡುವೆ, ಗೈಡ್ ಮತ್ತು ನಾನು ದಡದಲ್ಲಿ. ದೂರದವರು ಬರೆದದ್ದನ್ನು ನಡುವಿನ ಪೆಟ್ಟಿಗೆ ಹಿಡಿದು, ಬೋಟಿನ ವಾಯರ್‌ಲೆಸ್ ಅಲೆಯಿಂದ ಚಾರ್ಜ್ ಆಗಿ, ನಮಗೆ ದಾಟಿಸಬೇಕು. ಕಾದೇ ಕಾದೆವು. ಸಂದೇಶವಿಲ್ಲ. ಗೈಡ್ ನನ್ನ ಮುಖ ನೋಡುವುದನ್ನೂ ಬಿಟ್ಟರು. ನನಗೆ ಅಳು ಬರುವುದೊಂದು ಬಾಕಿ.

ಸಂಜೆ ನಡುವಿನ ಬೋಟು ಮೀನು ತುಂಬಿಕೊಂಡು ಬಂತು. ಬೋಟು ನಡೆಸುವ ತಾಂಡೇಲರ ಮೇಲೆ ರೇಗಿದೆ. "ನಡುವೆ ನಿಲ್ಲಿ ಅಂದಿದ್ದೆನಲ್ಲ ಅಣ್ಣ!"

"ನಿಂತಿದ್ದೆ ಮಾರಾಯ್ರೆ. ನಿಮ್ಮ ಪೆಟ್ಟಿಗೆ ಚಾರ್ಜ್ ಆಗುವುದನ್ನೇ ಕಾಯುತ್ತಿದ್ದೆ. ಅದರ ಪರದೆಯಲ್ಲಿ 'ಇಲ್ಲಿ ಬಂಗುಡೆ ಮೀನು ರಾಶಿ ಉಂಟು' ಅಂತ ಬಂತು. ಅದನ್ನು ಓದಿದ ಮೇಲೂ ಅಲ್ಲೇ ನಿಲ್ಲಲಿಕ್ಕೆ ನಾನೆಂತ ಪೆಟ್ಟಿಗೆಯಾ?"

ಗೈಡ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಂದೇಶ ಹಿಡಿದಿದೆಯಲ್ಲ, ಸಾಕು" ಎಂದು ಅಲ್ಲೇ ಐಸ್ ಪೆಟ್ಟಿಗೆಯ ಮೇಲೆ ಪ್ರಬಂಧ ಇಟ್ಟು ಸಹಿ ಹಾಕಿದರು. ನನಗೆ ಕುಣಿಯುವಷ್ಟು ಖುಷಿಯಾಯಿತು.

ತಾಂಡೇಲರು ನನ್ನನ್ನು ಬದಿಗೆ ಎಳೆದು ಪಿಸುಗುಟ್ಟಿದರು. "ಇಂಥದ್ದು ಇನ್ನೊಂದು ಕೊಡಿ. ದಡದಲ್ಲಿ ಗೊತ್ತಾದರೆ ಊರಿನ ಬೋಟೆಲ್ಲ ಅಲ್ಲಿಗೇ ನುಗ್ತವೆ. ಮೀನಿನ ಸುದ್ದಿಯನ್ನು ದಡಕ್ಕೆ ಮುಟ್ಟಿಸದ ವಾಯರ್‌ಲೆಸ್ಸನ್ನು ನಾವು ಎಷ್ಟು ಕಾಲದಿಂದ ಹುಡುಕುತ್ತಾ ಇದ್ದೇವೆ!"