ಸ್ಟೋರಪ್ಪನ ಸ್ಪಿಯರ್‌ಹೆಡ್

ಬೆಳಗ್ಗೆ ಒಂಬತ್ತು ಗಂಟೆಗೆ ಸ್ಟೋರಪ್ಪನ ಜೇಬಿನಲ್ಲಿ ಫೋನು ಗುಂಯ್ ಎಂದಿತು. ನೋಡಿದರೆ ಮ್ಯಾನೇಜರರ ಮೆಸೇಜು: ‘ಸ್ಪಿಯರ್‌ಹೆಡ್ ಶಿಫ್ಟಿಂಗ್ ಟು ಗ್ರೌಂಡ್ ಫ್ಲೋರ್ ಟುಡೇ. ಫಿನಿಶ್ ಬಿಫೋರ್ ಫೋರ್.’

ಸ್ಟೋರಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವ ಆ ಚಿಕ್ಕ ಕಾರ್ಖಾನೆಯಲ್ಲಿ ದಾರ, ಗುಂಡಿ, ಸೂಜಿಗಳ ಸ್ಟೋರು ನೋಡಿಕೊಳ್ಳುತ್ತಿದ್ದುದರಿಂದ ಅಂಟಿಕೊಂಡ ಹೆಸರು. ಇವತ್ತು, ಕೆಳಗಿನ ಅಂತಸ್ತು, ನಾಲ್ಕರೊಳಗೆ ಮುಗಿಸಬೇಕು, ಇಷ್ಟು ಅವನಿಗೆ ತಿಳಿಯಿತು. ಮೊದಲನೆಯ ಪದ ಮಾತ್ರ ಮೀನಿನ ಮುಳ್ಳಿನಂತೆ ಗಂಟಲಲ್ಲಿ ಸಿಕ್ಕಿಕೊಂಡಿತು.

ಮ್ಯಾನೇಜರರನ್ನೇ ಕೇಳಬಹುದಿತ್ತು. ಆದರೆ ಕೆಲಸಕ್ಕೆ ಸೇರುವ ದಿನ “ಇಂಗ್ಲಿಷ್ ಹೇಗೆ?” ಎಂದು ಅವರು ಕೇಳಿದಾಗ ಸ್ಟೋರಪ್ಪ “ನೀರು ಕುಡಿದಷ್ಟು ಸಲೀಸು ಸಾರ್” ಎಂದುಬಿಟ್ಟಿದ್ದ. ಮೇಲಾಗಿ ಮುಂದಿನ ತಿಂಗಳು ಸೂಪರ್‌ವೈಸರ್ ಹುದ್ದೆ ಖಾಲಿಯಾಗುವುದಿತ್ತು. ಆ ಸುದ್ದಿ ಅವನಿಗಿಂತ ಮೊದಲು ಅವನ ಹೆಂಡತಿಗೆ ತಲುಪಿ, ಅವಳಿಂದ ಇಡೀ ಬೀದಿಗೆ ತಲುಪಿತ್ತು. ಇಂಥ ಹೊತ್ತಿನಲ್ಲಿ ಒಂದು ಪದದ ಅರ್ಥ ಕೇಳಿ ಮಾನ ಕಳೆದುಕೊಳ್ಳುವುದುಂಟೆ?

ಫೋನಿನಲ್ಲೇ ಹುಡುಕಿದ. ಯಾವುದೋ ಕಾಲದ ತುಕ್ಕು ಹಿಡಿದ ಈಟಿಗಳ ಚಿತ್ರಗಳು ಸಾಲಾಗಿ ಬಂದವು. ಸ್ಟೋರಪ್ಪ ಒಂದೊಂದನ್ನೂ ದೊಡ್ಡದು ಮಾಡಿ ನೋಡಿದ.

“ಏನ್ರೀ, ಬೆಳಬೆಳಗ್ಗೆ ಯುದ್ಧಕ್ಕೆ ಹೊರಟಿದ್ದೀರಾ?” ಹೆಗಲ ಮೇಲಿಂದ ಕಟಿಂಗ್ ಮಾಸ್ಟರ್ ಇಣುಕಿದರು. ಬಟ್ಟೆಯನ್ನಷ್ಟೇ ಅಲ್ಲ, ಮಂದಿಯ ಧೈರ್ಯವನ್ನೂ ಕತ್ತರಿಸುವುದರಲ್ಲಿ ಅವರದು ಎತ್ತಿದ ಕೈ. ಮೆಸೇಜನ್ನು ಎರಡು ಸಲ ಓದಿ ತಲೆಯಾಡಿಸಿದರು. “ಸ್ಪಿಯರ್ ಅಂದ್ರೆ ಈಟಿ. ಹೆಡ್ ಅಂದ್ರೆ ತಲೆ. ಎರಡೂ ಸೇರಿದ್ರೆ ಏನಾಗುತ್ತೆ ನೀವೇ ಯೋಚನೆ ಮಾಡಿ. ಈಗ ಮೇಲಿದ್ದೀರಿ. ಇವತ್ತು ಕೆಳಗಿಳಿಸ್ತಾರೆ. ಕೆಳಗಿನಿಂದ ಗೇಟಿಗೆ ಹತ್ತೇ ಹೆಜ್ಜೆ.”

“ಅಂದ್ರೆ ನನ್ನನ್ನ ಕೆಲಸದಿಂದ…?”

“ನಾನು ಹಾಗೆ ಹೇಳಲಿಲ್ಲ. ಲೆಕ್ಕ ಹಾಕಿ ಹೇಳಿದೆ ಅಷ್ಟೆ.”

ಸ್ಟೋರಪ್ಪ ದಾರದ ರಾಶಿಯ ಹಿಂದೆ ಹೋಗಿ ಹೆಂಡತಿಗೆ ಫೋನು ಮಾಡಿದ. ಅವಳು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ, “ನಂಗೇನು ಗೊತ್ತು? ಅಪ್ಪನಿಗೆ ಕೊಡ್ತೀನಿ ತಡೀರಿ” ಎಂದು ಫೋನನ್ನು ತಂದೆಯ ಕೈಗಿತ್ತಳು. ಮಾವನವರು ಮೂವತ್ತೆರಡು ವರ್ಷ ಇಂಗ್ಲಿಷ್ ವ್ಯಾಕರಣ ಕಲಿಸಿ ನಿವೃತ್ತರಾದವರು. ಇನ್ನೂ ಕಲಿಸುವ ಆಸೆಯಿದೆ, ಕಲಿಯುವವರಿಲ್ಲ.

“ಅಳಿಯಂದಿರೇ, ಮೊದಲು ಇದನ್ನ ಹೇಳಿ. ಅದು ನಾಮಪದವೋ, ಕ್ರಿಯಾಪದವೋ?”

“ಮಾವ, ನನ್ನ ಕೆಲಸವೇ ಹೋಗೋ ಹಾಗಿದೆ.”

“ಹಾಗಾದ್ರೆ ಕ್ರಿಯಾಪದ! ನಾಮಪದವಾದ್ರೆ ಈಟಿಯ ಮೊನೆ. ಕ್ರಿಯಾಪದವಾದ್ರೆ ತಂಡದ ಮುಂದೆ ನಿಂತು ಮುನ್ನಡೆಸೋದು. ಹಿಂದೆ ನಿಂತು ‘ಹೂಂ ನಡೀರಿ’ ಅನ್ನೋದಲ್ಲ, ಈಟಿಯ ಮೊನೆಯ ಹಾಗೆ ತಾನೇ ಮೊದಲು ನುಗ್ಗೋದು. ದೊಡ್ಡ ಪದ ಅಳಿಯಂದಿರೇ. ಯಾರಿಗೆ ಅಂದ್ರೆ ಅವರಿಗೆ ಹೇಳೋದಿಲ್ಲ.”

ಸ್ಟೋರಪ್ಪನ ಬೆನ್ನು ತಾನಾಗಿಯೇ ನೆಟ್ಟಗಾಯಿತು. “ಆದ್ರೆ ಮಾವ, ಏನನ್ನ ಶಿಫ್ಟ್ ಮಾಡ್ಬೇಕು ಅಂತ ಬರೆದಿಲ್ಲವಲ್ಲ?”

ಮಾವನವರು ತಕ್ಷಣ ತೀರ್ಪು ಕೊಟ್ಟರು. “ಕರ್ಮಪದ ಹೇಳಿಲ್ಲ ಅಂದ್ರೆ ಎಲ್ಲವನ್ನೂ ಅಂತಲೇ ಅರ್ಥ.”

ಇದನ್ನು ನಂಬಲು ಕಾರಣವೂ ಇತ್ತು. ಹೊಲಿಗೆ ವಿಭಾಗ ಮೇಲಿನ ಅಂತಸ್ತಿನಲ್ಲಿತ್ತು. ತಗಡಿನ ಮಾಡು ಕಾದ ಕಾವಲಿಯಾಗುತ್ತದೆ, ನಮ್ಮನ್ನು ಕೆಳಗಿನ ಹಾಲಿಗೆ ಹಾಕಿ ಎಂದು ಹೆಂಗಸರು ವರ್ಷದಿಂದ ಕೇಳುತ್ತಲೇ ಇದ್ದರು. ಇವತ್ತು ಮ್ಯಾನೇಜರರು ಬೇರೆ ಹೊರಗೆ ಹೋಗಿದ್ದಾರೆ. ಬರುವಷ್ಟರಲ್ಲಿ ಮುಗಿದಿರಲಿ ಎಂದೇ ಮೆಸೇಜು ಹಾಕಿರಬೇಕು!

ಸ್ಟೋರಪ್ಪ ಹೊಲಿಗೆ ಹಾಲಿನ ನಡುವೆ ನಿಂತು ಕೆಮ್ಮಿದ. “ಎಲ್ಲರೂ ಮೆಷಿನ್ ನಿಲ್ಲಿಸಿ. ಈ ವಿಭಾಗ ಇವತ್ತೇ ಕೆಳಗೆ ಹೋಗುತ್ತೆ. ನಾನು ಸ್ಪಿಯರ್‌ಹೆಡ್ ಮಾಡ್ತೀನಿ.”

ಹದಿನಾಲ್ಕು ಮೆಷಿನ್‌ಗಳು ಒಂದೊಂದಾಗಿ ಸುಮ್ಮನಾದವು. ಇಪ್ಪತ್ತು ವರ್ಷದಿಂದ ಕಾಲರ್ ಹೊಲಿದು ಕಾಲರಕ್ಕ ಎನಿಸಿಕೊಂಡಿದ್ದಾಕೆ ಕನ್ನಡಕದ ಮೇಲಿಂದ ನೋಡಿದಳು.

“ಏನು ಮಾಡ್ತೀರಿ?”

“ಸ್ಪಿಯರ್‌ಹೆಡ್. ಅಂದ್ರೆ ಮೊದಲು ನಾನು ಎತ್ತುತ್ತೀನಿ, ಆಮೇಲೆ ನೀವು.”

“ಅಬ್ಬಾ, ಎತ್ತೋ ಗಂಡಸನ್ನ ಈ ಕಾರ್ಖಾನೇಲಿ ಇವತ್ತೇ ನೋಡಿದ್ದು” ಎಂದು ಕಾಲರಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದಳು. ಅವಳು ಎದ್ದ ಮೇಲೆ ಉಳಿದವರು ಕೂತಾರೆಯೇ?

ಮೊದಲ ಮೆಷಿನ್ ಟೇಬಲ್ ಸಮೇತ ಮೆಟ್ಟಿಲಿಗೆ ಬಂತು. ಮುಂದೆ ಸ್ಟೋರಪ್ಪ, ಹಿಂದೆ ಕಾಲರಕ್ಕ ಮತ್ತಿಬ್ಬರು. ಮೆಟ್ಟಿಲಿಳಿಯುವಾಗ ಮುಂದಿರುವವನ ಮೇಲೆಯೇ ಅಷ್ಟೂ ಭಾರ ಬೀಳುತ್ತದೆಂಬುದನ್ನು ಮಾವನವರ ವ್ಯಾಕರಣ ಹೇಳಿರಲಿಲ್ಲ. ಮೂರನೆಯ ಮೆಟ್ಟಿಲಿಗೆ ಅವನ ಮುಖ ಟೊಮೆಟೊ ಆಯಿತು, ಏಳನೆಯದಕ್ಕೆ ಬದನೆಕಾಯಿ. ತಿರುವಿನಲ್ಲಿ ಟೇಬಲ್ ಗೋಡೆಗೆ ಸಿಕ್ಕಿ, ಹಿಂದಕ್ಕೂ ಬಾರದೆ ಮುಂದಕ್ಕೂ ಹೋಗದೆ, ಹಟ ಹಿಡಿದ ಎಮ್ಮೆಯಂತೆ ನಿಂತಿತು.

“ಎಡಕ್ಕೆ ವಾಲಿಸಿ!” ಮೇಲಿನಿಂದ ಕಟಿಂಗ್ ಮಾಸ್ಟರ್ ಕೂಗಿದರು.

“ಯಾರ ಎಡಕ್ಕೆ ಸಾರ್?” ಕೆಳಗಿನಿಂದ ಸ್ಟೋರಪ್ಪ ನರಳಿದ.

“ಟೇಬಲ್‌ನ ಎಡಕ್ಕೆ!”

ಟೇಬಲ್‌ಗೆ ತನ್ನ ಎಡ ಯಾವುದೆಂದು ಗೊತ್ತಿರಲಿಲ್ಲ. ಸ್ಟೋರಪ್ಪ ಮಂಡಿ ಬಗ್ಗಿಸಿ ಒಮ್ಮೆ ಜೋರಾಗಿ ಎತ್ತಿದ. ಚರ್‍ರ್ ಎಂದು ಸದ್ದಾಯಿತು. ಟೇಬಲ್ ಬಿಡಿಸಿಕೊಂಡಿತು. ಜೊತೆಗೆ ಅವನ ಪ್ಯಾಂಟಿನ ಹಿಂಬದಿಯ ಹೊಲಿಗೆಯೂ ಬಿಡಿಸಿಕೊಂಡಿತು.

ಆ ಹೊತ್ತಿಗೆ ಎಲ್ಲ ಮೆಷಿನ್‌ಗಳ ವೈರು ಕಿತ್ತಿಟ್ಟಾಗಿತ್ತು. ಹದಿನಾಲ್ಕು ಹೊಲಿಗೆ ಮೆಷಿನ್‌ಗಳಿದ್ದ ಆ ಕಟ್ಟಡದಲ್ಲಿ ಒಂದೇ ಒಂದು ಹೊಲಿಗೆ ಹಾಕಿಕೊಡುವವರು ಸಿಗಲಿಲ್ಲ. ಕೊನೆಗೆ ಕಾಲರಕ್ಕ ಕಣ್ಣು ಬೇರೆ ಕಡೆ ತಿರುಗಿಸಿಕೊಂಡು ನಾಲ್ಕು ಪಿನ್ನು ಕೊಟ್ಟಳು. “ಹಾಕ್ಕೊಳ್ಳಿ. ಆದ್ರೆ ಇನ್ಮೇಲೆ ಕೂರಬೇಡಿ.”

ಅವನು ಕೂರಲೂ ಇಲ್ಲ. ಬಾಕಿ ಹದಿಮೂರು ಮೆಷಿನ್‌ಗೂ ತಾನೇ ಮುಂದೆ ನಿಂತ. ಕೈಬೆರಳು ಜಜ್ಜಿತು, ಸೊಂಟ ಬಿಲ್ಲಾಯಿತು. ಆದರೂ ಮೂರೂವರೆಗೆ ಕೊನೆಯ ಮೆಷಿನ್ ಕೆಳಗಿನ ಹಾಲಿನಲ್ಲಿ ಕೂತು, ಫ್ಯಾನಿನ ತಂಪು ಗಾಳಿ ಬೀಸಿದಾಗ ಹೆಂಗಸರು ಚಪ್ಪಾಳೆ ತಟ್ಟಿದರು. “ನೀವು ಇಷ್ಟು ಗಟ್ಟಿ ಆಳು ಅಂತ ಗೊತ್ತಿರಲಿಲ್ಲ ನೋಡಿ” ಎಂದಳು ಕಾಲರಕ್ಕ. ಕಟಿಂಗ್ ಮಾಸ್ಟರೂ, “ಸೂಪರ್‌ವೈಸರ್ ಆದ್ಮೇಲೆ ನಮ್ಮನ್ನ ಮರೀಬೇಡಿ” ಎಂದರು. ಸ್ಟೋರಪ್ಪನ ಕಣ್ಣು ತೇವವಾಯಿತು. ಇಷ್ಟು ವರ್ಷದಲ್ಲಿ ಯಾರೂ ಅವನಿಗೆ ಚಪ್ಪಾಳೆ ತಟ್ಟಿರಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಮ್ಯಾನೇಜರರು ಬಂದರು. ಜೊತೆಗೆ ಎಣ್ಣೆ ಮೆತ್ತಿದ ಅಂಗಿಯ ಒಬ್ಬ ಮೆಕ್ಯಾನಿಕ್. ಹಾಲಿನೊಳಗೆ ಕಾಲಿಟ್ಟವರು ಹಾಗೇ ನಿಂತುಬಿಟ್ಟರು.

“ಇದೇನ್ರೀ? ಇಡೀ ವಿಭಾಗ ಯಾಕೆ ಇಲ್ಲಿದೆ?”

“ಸ್ಪಿಯರ್‌ಹೆಡ್ ಮಾಡಿದೆ ಸಾರ್. ಹದಿನಾಲ್ಕೂ ಬಂತು!”

“ಏನು ಹೆಡ್?”

ಸ್ಟೋರಪ್ಪ ಮೆಸೇಜು ತೋರಿಸಿದ. ಮ್ಯಾನೇಜರರು ಓದಿ ಹಣೆ ಚಚ್ಚಿಕೊಂಡರು. “ಅಯ್ಯೋ ಮಾರಾಯ, ಕಾರು ಓಡಿಸ್ತಾ ಫೋನಿಗೆ ಬಾಯಲ್ಲಿ ಹೇಳಿದ್ದು ನಾನು, ಅದು ಏನೋ ಬರ್ಕೊಂಡಿದೆ. ಸ್ಪೇರ್ ಹೆಡ್! ಮೆಷಿನ್ ಮೇಲಿನ ಭಾಗ ರೀ, ಸೂಜಿ ಕೂರೋ ಹೆಡ್ಡು! ಕೆಟ್ಟುಹೋಗಿರೋ ಮೂರು ಸ್ಪೇರ್ ಹೆಡ್ ನಿಮ್ಮ ಸ್ಟೋರಲ್ಲಿ ಬಿದ್ದಿವೆಯಲ್ಲ, ಅವನ್ನ ಕೆಳಗೆ ತಂದಿಡಿ, ಇವರು ವ್ಯಾನಲ್ಲಿ ರಿಪೇರಿಗೆ ಒಯ್ತಾರೆ ಅಂತ ಹೇಳಿದ್ದು. ಎಲ್ಲಿ ಅವು?”

ಕಾರ್ಖಾನೆಯ ಮೇಲಂತಸ್ತಿನಲ್ಲಿ ಈಗ ಮೆಷಿನ್ ಎಂದು ಉಳಿದಿದ್ದುದು ಆ ಮೂರೇ. ಕೆಟ್ಟ ಸಾಮಾನು ಹೊರುವುದೇಕೆ ಎಂದು ಸ್ಟೋರಪ್ಪನೇ ಬಿಟ್ಟು ಬಂದಿದ್ದ.

“ಈ ಹಾಲ್ ನಾಳೆ ಸಂಜೆಯಿಂದ ಪ್ಯಾಕಿಂಗಿಗೆ ಬೇಕು” ಎಂದು ಮ್ಯಾನೇಜರರು ನಿಟ್ಟುಸಿರಿಟ್ಟರು. ಆಮೇಲೆ ದನಿ ತಗ್ಗಿಸಿ, “ಅದಿರಲಿ, ನೀವು ಹೇಳಿದ ಆ ಪದಕ್ಕೆ ಏನ್ರೀ ಅರ್ಥ?” ಎಂದು ಕೇಳಿದರು.

ಸ್ಟೋರಪ್ಪ ಬಾಯಿ ತೆರೆದು ಅವರನ್ನೇ ನೋಡಿದ. “ಮುಂದೆ ನಿಂತು… ತಂಡವನ್ನ ನಡೆಸೋದು ಸಾರ್.”

“ಒಳ್ಳೇ ಪದ! ನಂಗೆ ಗೊತ್ತೇ ಇರಲಿಲ್ಲ ನೋಡಿ.” ಮ್ಯಾನೇಜರರು ಫೋನನ್ನು ಬಾಯಿಯ ಹತ್ತಿರ ಹಿಡಿದು, ನಾಳೆ ಬೆಳಗ್ಗೆ ಏಳಕ್ಕೆ ಹದಿನಾಲ್ಕು ಮೆಷಿನ್ ವಾಪಸು ಮೇಲಕ್ಕೆ ಹೋಗಬೇಕೆಂದೂ ಸ್ಟೋರ್ ಕೀಪರೇ ಅದಕ್ಕೆ ಸ್ಪಿಯರ್‌ಹೆಡ್ ಎಂದೂ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ, ಎಲ್ಲರಿಗೂ ಒಟ್ಟಿಗೆ ಕಳಿಸಿದರು. ಹಾಲಿನ ತುಂಬ ಫೋನುಗಳು ಗುಂಯ್‌ಗುಟ್ಟಿದವು.

ಕಟಿಂಗ್ ಮಾಸ್ಟರ್ ಕಣ್ಣು ಕಿರಿದು ಮಾಡಿ ಓದಿದರು. “ನೀವು ಹೇಳಿದ್ದೇ ಬೇರೆ, ಇಲ್ಲಿ ಬಂದಿರೋದೇ ಬೇರೆ ಸಾರ್. ‘ಸ್ಟೋರ್ ಕೀಪರ್ ಸ್ಪೇರ್ ಹೆಡ್’ ಅಂತಿದೆ.”

ಇಷ್ಟು ಹೊತ್ತು ಸುಮ್ಮನೆ ನಿಂತಿದ್ದ ಮೆಕ್ಯಾನಿಕ್ ಸ್ಟೋರಪ್ಪನನ್ನು ಮುಂದಿನಿಂದ ನೋಡಿದ. ಒಂದು ಸುತ್ತು ಬಂದು ಹಿಂದಿನಿಂದಲೂ ನೋಡಿದ.

“ಹಾಗಾದ್ರೆ ರಿಪೇರಿಗೆ ಒಟ್ಟು ನಾಲ್ಕು ಹೆಡ್ ಆಯ್ತಲ್ಲ ಸಾರ್. ಇವರನ್ನೂ ವ್ಯಾನಿಗೆ ಹಾಕ್ಕೊಳ್ಳಲಾ?”