ಇದ್ದೂ ಇಲ್ಲದ ಕಾರ್ಯದರ್ಶಿ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಭಾನುವಾರ ಬಂದರೆ ಇರುತ್ತಿರಲಿಲ್ಲ. ಎಲ್ಲಿಗೆ ಹೋಗುತ್ತಿದ್ದರು ಅಂತೀರಾ? ಎಲ್ಲಿಗೂ ಇಲ್ಲ! ಯಲಹಂಕದ ತಮ್ಮ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ತಲೆಗೆ ಟವೆಲ್ ಹೊದ್ದು ಕೂತಿರುತ್ತಿದ್ದರು. ತಲೆ ಮೇಲೆ ಟವೆಲ್ ಇದ್ದರೆ ಅವರು ಊರಲ್ಲಿಲ್ಲ, ಏನನ್ನೂ ಕೇಳುವಂತಿಲ್ಲ.

ಅವರು ಅಲ್ಲಿನ ನಿವಾಸಿಗಳ ಸಂಘದ ಕಾರ್ಯದರ್ಶಿ. ಹಸಿ ಕಸ ಬೇರೆ, ಒಣ ಕಸ ಬೇರೆ ಎಂದು ಮನೆಮನೆ ಬಾಗಿಲು ತಟ್ಟಿ ಜಾರಿಗೆ ತಂದಿದ್ದರು. ಆಮೇಲೆ ಮೈಸೂರಿಗೆ ಯಾರದೋ ಮದುವೆಗೆ ಹೋಗಿ ಬಂದರೆ, ಮದುವೆ ಇಲ್ಲೂ ಆಗಿಹೋಗಿತ್ತು. ಹಸಿ ಕಸ, ಒಣ ಕಸ ಒಂದೇ ಬುಟ್ಟಿಯಲ್ಲಿ ಸುಖವಾಗಿ ಸಂಸಾರ ಹೂಡಿದ್ದವು!

"ನಾನಿದ್ದಾಗ ಮಾತ್ರ ನಡೆಯೋದು ತೀರ್ಮಾನ ಅಲ್ಲ ಕಣಯ್ಯಾ, ಹೆದರಿಕೆ," ಎಂದರು ಭಾವ. ತಾವಿಲ್ಲದೆಯೂ ಸಂಘ ನಡೆಯಬೇಕು, ಅದಕ್ಕೆ ತಾಲೀಮು ಬೇಕು. ಹೀಗೆ ಹುಟ್ಟಿದ್ದು ಆ ಟವೆಲ್.

ಒಂದು ಭಾನುವಾರ ಯಾರೋ ಮೋಟಾರ್ ಹಾಕಿ ಮರೆತರು. ಮೇಲಿನ ಟ್ಯಾಂಕ್ ತುಂಬಿ ನೀರು ಧೋ ಎಂದು ಸುರಿದು ಭಾವನ ಚಪ್ಪಲಿಯನ್ನೇ ತೇಲಿಸಿತು. ಅಪಾರ್ಟ್‌ಮೆಂಟ್ ಎದ್ದ ಆ ಜಾಗ ಹಿಂದೆ ನೆಲಮಹಡಿಯ ಗೌಡರ ರಾಗಿಹೊಲ. ಅವರು ಓಡಿ ಬಂದರು.

"ಸಾರ್, ನೀರು ಪೋಲಾಗ್ತಾ ಐತೆ! ಸ್ವಿಚ್ ಆರ್ಸಬಾರ್ದಾ?"

"ನಾನಿಲ್ಲ."

"ಎದುರ್ಗೇ ಕುಂತಿದ್ದೀರಲ್ಲ ಸಾರ್!"

"ಮೈಸೂರಿಗೆ ಹೋಗಿದ್ದೀನಿ."

ಗೌಡರು ಗೊಣಗುತ್ತಾ ತಾವೇ ಆರಿಸಿದರು. ಅಂದಿನಿಂದ ಭಾನುವಾರದ ಮೋಟಾರ್ ಅವರದೇ ಆಯಿತು. ಭಾವ ಟವೆಲ್ಲಿನೊಳಗೇ ನಗುತ್ತಿದ್ದರು.

ಅಕ್ಕ ಬಿಟ್ಟಾಳೆಯೇ? ಮಧ್ಯಾಹ್ನ ಊಟಕ್ಕೆ ಕರೆಯಲೇ ಇಲ್ಲ. "ಊರಲ್ಲಿಲ್ಲದವ್ರಿಗೆ ಯಾರಾದ್ರೂ ಮುದ್ದೆ ಕಟ್ತಾರೇನ್ರೀ?" ಎಂದಳು. ಮುಂದಿನ ವಾರದಿಂದ ಭಾವ ಊಟದ ಹೊತ್ತಿಗೆ ಮೈಸೂರಿನಿಂದ ಬಂದುಹೋಗುವ ಏರ್ಪಾಟಾಯಿತು!

ಆಮೇಲೊಂದು ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟಿತು. ಇನ್ನೊಂದು ಕೊರೆಸೋಣ ಎಂದು ಸಭೆಯಲ್ಲಿ ಎಲ್ಲರ ಕೂಗು. ಅದರಲ್ಲೂ ಗೌಡರದು ದೊಡ್ಡ ಗಂಟಲು. ಭಾವ ಹೇಳಿದ್ದು ಬೇರೆ: ಮಳೆಗಾಲ ಬರುವುದರೊಳಗೆ ತಾರಸಿಯ ಮಳೆನೀರನ್ನು ಹಳೆಯ ಬೋರ್‌ವೆಲ್ಲಿನ ಪಕ್ಕ ಇಂಗಿಸುವ ಗುಂಡಿ ತೋಡೋಣ, ಅಲ್ಲಿಯವರೆಗೆ ನಲ್ಲಿಯಲ್ಲಿ ಬೆಳಿಗ್ಗೆ, ಸಂಜೆ ಮಾತ್ರ ನೀರು. ಯಾರೂ ಒಪ್ಪಲಿಲ್ಲ.

"ಕಾರ್ಯದರ್ಶಿ ನೀವು. ನೀವೇ ಮಾಡಿಸಿಬಿಡಿ, ಯಾರು ಬೇಡ ಅಂತಾರೆ?" ಎಂದೆ.

"ನಾನು ಮಾಡಿಸಿದ್ರೆ ನನ್ ಗುಂಡಿ ಆಗುತ್ತೆ. ನನ್ ಹಿಂದೇನೇ ಮುಚ್ಚಿಹೋಗುತ್ತೆ," ಎಂದರು.

ಮಾತು ಮುಗಿಯುವ ಮೊದಲೇ ಎಂಬಂತೆ, ಅದೇ ವಾರ ಅವರಿಗೆ ಎದೆನೋವು ಬಂತು. ಹೆಬ್ಬಾಳದ ಕಡೆ ಒಂದು ಆಸ್ಪತ್ರೆಗೆ ಸೇರಿಸಿದೆವು. ಬೈಪಾಸ್ ಮಾಡಲೇಬೇಕು ಎಂದರು ಡಾಕ್ಟರು. ಸ್ಟ್ರೆಚರ್ ಮೇಲೆ ಒಳಗೆ ಹೋಗುವಾಗ ಭಾವ ನನ್ನ ಕಡೆ ತಿರುಗಿ ಕೇಳಿದ್ದೇನು ಗೊತ್ತೇ? "ಬೋರ್ ಲಾರಿ ಬಂತೇನಯ್ಯಾ?"

ಲಾರಿ ಬಂದಿರಲಿಲ್ಲ. ಆಪರೇಷನ್ ಆಗಿ ಅವರಿನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಮತ್ತೆ ಸಭೆ ಸೇರಿತು. ಅಕ್ಕನ ಬದಲು ನಾನು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಸಾಕಷ್ಟು ಕಿತ್ತಾಟವಾದ ಮೇಲೆ ಗೌಡರೇ ಎದ್ದರು.

"ಇದು ಒಣಗ್ತು. ಇನ್ನೊಂದು ಕೊರ್ಸಿದ್ರೆ ಅದೂ ಒಣಗ್ತದೆ. ಆಮೇಲೆ ಎಲ್ಲಿ ಕೊರ್ಸಾದು, ಲಿಫ್ಟ್ ಒಳಗಾ? ಇಂಗೇ ಆದ್ರೆ ಎಂಗೆ? ಗುಂಡಿ ತೋಡಾನ ಅತ್ಲಾಗೆ!"

ಜನ ನಕ್ಕರು. ನಕ್ಕವರೇ ಒಪ್ಪಿಕೊಂಡರು.

ಮರುದಿನ ವಾರ್ಡಿನಲ್ಲಿ ಎಲ್ಲವನ್ನೂ ಹೇಳಿದೆ. ಭಾವ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಗುಂಡಿ ಕ್ಲೀನ್ ಮಾಡೋರು ಯಾರಂತೆ?"

"ಮಹಡಿಗೊಂದು ಸರದಿ."

ಮುಖ ಅರಳಿತು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು: "ಸಭೇಲಿ ನನ್ ವಿಷಯ ಯಾರಾದ್ರೂ ಎತ್ತಿದ್ರೇನಯ್ಯಾ?"

ಯಾರೂ ಎತ್ತಿರಲಿಲ್ಲ. ಇಷ್ಟು ವರ್ಷ ಈ ಮನುಷ್ಯ ಒದ್ದಾಡಿದ್ದು ಇದಕ್ಕೇ ತಾನೇ?

"ಇಲ್ಲ ಭಾವ."

"ಸದ್ಯ, ಗೆದ್ದೆ," ಎಂದರು. ಕಣ್ಣಂಚಿನಲ್ಲಿ ನೀರಿತ್ತು. ಜೀವನವಿಡೀ ನಾನು ಗೇಲಿ ಮಾಡಿದ್ದ ಆ ಮನುಷ್ಯನ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಬಂತು. ಸೂಜಿ ಚುಚ್ಚದ ಕೈಯನ್ನು ಹಿಡಿದುಕೊಂಡೆ.

"ನಿಮ್ಮನ್ನ ಕೇಳ್ಕೊಂಡು ನಾನ್ ಬಂದಿದ್ದೀನಲ್ಲ ಭಾವ."

"ನೀನು ಸಂಘದ ಮೆಂಬರ್ ಅಲ್ಲ ಕಣಯ್ಯಾ," ಎಂದರು. ಕೈ ಮಾತ್ರ ಬಿಡಲಿಲ್ಲ.